ಒಮೆಗಾ ಸೆಂಟಾರಿ: ಒಂದು ಗುಚ್ಛದ ಪೂರ್ವಾಪರ

ಮೇ ತಿಂಗಳ ನಡುವಿನಲ್ಲಿ, ರಾತ್ರಿ 10 ಗಂಟೆಯ ಸುಮಾರಿಗೆ, ದೀಪಗಳಿಲ್ಲದ ಬಯಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ತ್ರಿಶಂಕು ಪುಂಜದ ಮೇಲೆ, ತುಸು ಎಡಕ್ಕೆ, ಮಸುಕಾದ ಚುಕ್ಕೆಯೊಂದು ಕಾಣುತ್ತದೆ. ಅದನ್ನು ನೀವು ನಕ್ಷತ್ರವೆಂದುಕೊಂಡರೆ ಆಶ್ಚರ್ಯವಿಲ್ಲ. ಟಾಲೆಮಿಯೂ ಹಾಗೆಯೇ ಎಣಿಸಿದ. 1603ರಲ್ಲಿ ಯೊಹಾನ್ ಬೇಯರ್ ಅದಕ್ಕೆ ‘ಒಮೆಗಾ’ ಎಂಬ ಅಕ್ಷರವನ್ನೂ ಕೊಟ್ಟ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿಗೆ ಅದು ಒಂಟಿ ನಕ್ಷತ್ರವಲ್ಲವೆಂದು ತಿಳಿಯಿತು. 1830ರ ದಶಕದಲ್ಲಿ ಜಾನ್ ಹರ್ಷೆಲ್ ಗುಡ್‌ಹೋಪ್ ಭೂಶಿರದಿಂದ ವೀಕ್ಷಿಸಿ, ಅದೊಂದು ಗೋಳಾಕಾರದ ನಕ್ಷತ್ರಗುಚ್ಛವೆಂದು ಗುರುತಿಸಿದ. ಇಂದಿನ ಅಂದಾಜಿನಂತೆ ಅಲ್ಲಿ ಸುಮಾರು 1 ಕೋಟಿ ನಕ್ಷತ್ರಗಳಿವೆ.

ಇಂಥ ಗೋಳಗುಚ್ಛಗಳು ಹುಟ್ಟಿದ್ದೆಲ್ಲಿ? ಆಕಾಶಗಂಗೆಯು ಒಂದೇ ಬೃಹತ್ ಅನಿಲಮೋಡ ಕುಸಿದು ರೂಪುಗೊಂಡಿತೆಂದು 1962ರಲ್ಲಿ ಎಗೆನ್, ಲಿಂಡೆನ್-ಬೆಲ್ ಮತ್ತು ಸ್ಯಾಂಡೇಜ್ ವಾದಿಸಿದರು. ಹಾಗಿದ್ದರೆ ಗುಚ್ಛಗಳೆಲ್ಲ ಮನೆಮಕ್ಕಳೇ. 1978ರಲ್ಲಿ ಸರ್ಲ್ ಮತ್ತು ಜಿನ್ ಬೇರೆಯದನ್ನು ಹೇಳಿದರು: ಹೊರವಲಯದ ಗುಚ್ಛಗಳು ಪ್ರತ್ಯೇಕ ತುಣುಕುಗಳಲ್ಲಿ ಹುಟ್ಟಿ, ಆಮೇಲೆ ಬಂದು ಸೇರಿರಬೇಕು.

ಭೌತವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಅತ್ಯಂತ ರೋಚಕವಾದ ಸುಳಿವು ಕಬ್ಬಿಣ. ಸಾಮಾನ್ಯ ಗೋಳಗುಚ್ಛದ ನಕ್ಷತ್ರಗಳಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅವು ಒಂದೇ ಮೋಡದಿಂದ ಹುಟ್ಟುತ್ತವೆ. ಮೊದಲ ಸೂಪರ್‌ನೋವಾಗಳು ಸಿಡಿದಾಗ, ಅವು ಚೆಲ್ಲಿದ ಕಬ್ಬಿಣದ ಜೊತೆಗೆ ಉಳಿದ ಅನಿಲವೂ ಗುಚ್ಛದ ದುರ್ಬಲ ಗುರುತ್ವವನ್ನು ಮೀರಿ ಹೊರಹೋಗುತ್ತದೆ. ಕಬ್ಬಿಣ ಬೆರೆತ ಹೊಸ ಪೀಳಿಗೆ ಹುಟ್ಟಲು ಅವಕಾಶವೇ ಇರುವುದಿಲ್ಲ. ಒಮೆಗಾ ಸೆಂಟಾರಿಯಲ್ಲಿ ಹಾಗಿಲ್ಲ. 1970ರ ದಶಕದಿಂದ ನಡೆದ ರೋಹಿತ ಅಧ್ಯಯನಗಳ ಪ್ರಕಾರ ಅಲ್ಲಿನ ಕೆಲವು ನಕ್ಷತ್ರಗಳಲ್ಲಿ ಇತರ ಕೆಲವಕ್ಕಿಂತ 10 ಪಟ್ಟಿಗೂ ಮಿಕ್ಕು ಕಬ್ಬಿಣವಿದೆ. ಅಂದರೆ ಸಿಡಿದ ಅನಿಲವನ್ನು ಹಿಡಿದಿಡುವಷ್ಟು ಗುರುತ್ವ ಅಲ್ಲಿ ಒಮ್ಮೆ ಇದ್ದಿರಬೇಕು. ಅದು ಸಣ್ಣ ಗ್ಯಾಲಕ್ಸಿಯೊಂದರ ತಿರುಳಾಗಿದ್ದಿರಬೇಕು. ಸಾಲದ್ದಕ್ಕೆ ಆಕಾಶಗಂಗೆಯ ಆವರ್ತನೆಗೆ ವಿರುದ್ಧ ದಿಕ್ಕಿನಲ್ಲಿ ಅದು ಸುತ್ತುತ್ತಿದೆ!

ಗ್ಯಾಲಕ್ಸಿಯೊಂದು ಇನ್ನೊಂದನ್ನು ನುಂಗುವುದುಂಟೆ? 1994ರಲ್ಲಿ ಇಬಾಟಾ, ಗಿಲ್ಮೋರ್ ಮತ್ತು ಇರ್ವಿನ್ ಧನು ರಾಶಿಯ ದಿಕ್ಕಿನಲ್ಲಿ ಛಿದ್ರವಾಗುತ್ತಿರುವ ಕುಬ್ಜ ಗ್ಯಾಲಕ್ಸಿಯನ್ನು ಪತ್ತೆಹಚ್ಚಿದರು. ಅದರ ಕೇಂದ್ರದಲ್ಲಿದ್ದದ್ದು, 1778ರಲ್ಲಿಯೇ ಮೆಸಿಯೆ ಕಂಡಿದ್ದ ಎಂ54 ಗುಚ್ಛ. ಗಯಾ ಉಪಗ್ರಹ 2018ರಲ್ಲಿ ನೀಡಿದ ಚಲನೆಯ ಮಾಪನಗಳನ್ನು ಬಳಸಿ 2019ರಲ್ಲಿ ಮಾಡಿದ ವಿಂಗಡಣೆಯೊಂದರಂತೆ, ನಮ್ಮ ಗೋಳಗುಚ್ಛಗಳಲ್ಲಿ ಸುಮಾರು ಶೇ. 40 ಮಾತ್ರ ಇಲ್ಲಿಯೇ ಹುಟ್ಟಿದವು.

2024ರಲ್ಲಿ ಹಬಲ್ ದೂರದರ್ಶಕದ 20 ವರ್ಷಗಳ ಚಿತ್ರಗಳನ್ನು ಹೋಲಿಸಿದಾಗ, ಒಮೆಗಾ ಸೆಂಟಾರಿಯ ಕೇಂದ್ರದಲ್ಲಿ ಅತಿವೇಗದ 7 ನಕ್ಷತ್ರಗಳು ಕಂಡವು. ಅವನ್ನು ಹಿಡಿದಿಡಲು ಕನಿಷ್ಠ 8,200 ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿ ಬೇಕು. ಗುಚ್ಛವನ್ನು ಹೊತ್ತುತಂದ ಗ್ಯಾಲಕ್ಸಿ ಯಾವುದು ಎಂಬ ಬಗ್ಗೆ ಮಾತ್ರ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.