ಉಡುಗೆಯ ಕಟ್ಟಳೆಯೂ ಕಳಶದ ಹಕ್ಕೂ

ಮನುಷ್ಯನು ಏನನ್ನು ಉಡಬೇಕು, ಯಾವ ವಾದ್ಯದೊಡನೆ ಬೀದಿಯಲ್ಲಿ ಸಾಗಬೇಕು ಎಂಬುದು ಹಿಂದೆ ಅವನ ಇಚ್ಛೆಗೆ ಬಿಟ್ಟ ವಿಷಯವಾಗಿರಲಿಲ್ಲ. ಪಾವಗಡ ಸೀಮೆಯ ನಿಡುಗಲ್ಲಿನಲ್ಲಿ ಚೋಳವಂಶದ ಮಾಂಡಲಿಕರು ಆಳುತ್ತಿದ್ದ ಕಾಲದಲ್ಲಿ, ಕನ್ನಡ ನಾಡಿನ ಮಾಂಡಲಿಕರಿಗೆ ‘ಪಂಚಮಹಾಶಬ್ದ’ ಒಂದು ಬಿರುದಾಗಿತ್ತು. ಐದು ವಾದ್ಯಗಳ ಘೋಷವೇ ಪದವಿಯ ಗುರುತು. ಪಟ್ಟ, ಸತ್ತಿಗೆ, ಚಾಮರಗಳೂ ಅಂಥವೇ. 1687ರಲ್ಲಿ ಮೊಗಲರು ಸಿರಾವನ್ನು ಗೆದ್ದು ಸುಬಾದ ಕೇಂದ್ರವನ್ನಾಗಿ ಮಾಡಿಕೊಂಡರು. ಅವರ ಪದ್ಧತಿಯಲ್ಲಿ ದೊರೆಯು ಕೊಡಿಸುವ ಖಿಲ್ಲತ್ತೆಂಬ ಗೌರವದ ಉಡುಪು ಅಧಿಕಾರಿಯ ಅಂತಸ್ತನ್ನು ಸಾರುತ್ತಿತ್ತು.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯು 1574ರಲ್ಲಿ ಹೊರಡಿಸಿದ ಆಜ್ಞೆಯು ನೇರಳೆ ಬಣ್ಣದ ರೇಷ್ಮೆಯನ್ನೂ ಚಿನ್ನದೆಳೆಯ ವಸ್ತ್ರವನ್ನೂ ರಾಜಕುಟುಂಬಕ್ಕೆ ಹಾಗೂ ಅತ್ಯುನ್ನತ ಕುಲೀನರಿಗೆ ಮೀಸಲಿರಿಸಿತು. 1571ರ ಕಾನೂನು ಆರು ವರ್ಷ ಮೀರಿದ ಸಾಮಾನ್ಯರು ಭಾನುವಾರಗಳಲ್ಲಿಯೂ ಹಬ್ಬಗಳಲ್ಲಿಯೂ ಉಣ್ಣೆಯ ಟೊಪ್ಪಿಗೆ ಧರಿಸಬೇಕೆಂದು ವಿಧಿಸಿತು; ತಪ್ಪಿದರೆ ದಿನಕ್ಕೆ 3 ಷಿಲಿಂಗ್ 4 ಪೆನ್ಸ್ ದಂಡ. ಉಣ್ಣೆಯ ಕಸುಬನ್ನು ಉಳಿಸುವುದು ಅದರ ಉದ್ದೇಶ. ಆದರೆ ಕುಲೀನರಿಗೆ ವಿನಾಯಿತಿ ಇದ್ದುದರಿಂದ ಆ ಟೊಪ್ಪಿಗೆಯೇ ಸಾಮಾನ್ಯನ ಗುರುತಾಯಿತು. ಉಡುಪಿನ ಆಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತೆಂಬುದೇ ಜನರು ಅವನ್ನು ಮೀರುತ್ತಿದ್ದರೆಂಬುದಕ್ಕೆ ಸಾಕ್ಷಿ. 1604ರಲ್ಲಿ ಆ ಕಾನೂನುಗಳು ರದ್ದಾದವು.

ಇಂತಹ ಗೌರವಚಿಹ್ನೆಗಳ ವಿಚಾರವಾಗಿ ನಮ್ಮ ಸಮಾಜವೇ ಒಮ್ಮೆ ಅರಸನ ಮುಂದೆ ನಿಂತಿತ್ತು. ಆನೆಗೊಂದಿ, ಹೊಸಪಟ್ಟಣ, ಕಲ್ಲೇಹಗಳ ಹಾಗೂ ಪಾವಗಡದ ಪೂರ್ವಕ್ಕಿರುವ ಪೆನುಗೊಂಡೆಯ ಭವ್ಯಜನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರ ಶ್ರವಣಬೆಳಗೊಳದ ಶಾಸನವು ಅದರ ತೀರ್ಪನ್ನು ತಿಳಿಸುತ್ತದೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಜೈನರಿಗೆ ಪಂಚಮಹಾವಾದ್ಯಗಳೂ ಕಳಶವೂ ಹಿಂದಿನಂತೆಯೇ ಸಲ್ಲತಕ್ಕವೆಂದು ವಿಧಿಸಿದನು.

ಆ ಶಾಸನದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬೆಳಗೊಳದ ದೇವರ ಕಾವಲಿಗಾಗಿ ರಾಜ್ಯದ ಜೈನರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಮಿಕ್ಕುದನ್ನು ಜೀರ್ಣವಾದ ಜಿನಾಲಯಗಳ ದುರಸ್ತಿಗೆ ಬಳಸಬೇಕೆಂದು ಗೊತ್ತುಮಾಡಲಾಯಿತು. ಲೆಕ್ಕವು ಬಾಗಿಲಿನದು, ಸಂಪತ್ತಿನದಲ್ಲ. ಸೆಟ್ಟಿಯ ಮನೆಗೂ ಒಂದು ಹಣ, ಬಡ ಒಕ್ಕಲಿನ ಮನೆಗೂ ಒಂದು ಹಣ. ಕಳಶದ ಹಕ್ಕು ಸಮಸ್ತ ಸಮಾಜಕ್ಕೆ ದೊರೆತಿತ್ತು. ಕಾವಲಿನ ಹೊಣೆಯನ್ನೂ ಸಮಸ್ತರು ಸಮನಾಗಿಯೇ ಹೊತ್ತರು.

ಇಂದು ನಮ್ಮನ್ನು ತಡೆಯುವ ಅರಸನಿಲ್ಲ, ಆಜ್ಞೆಯಿಲ್ಲ. ಆದರೂ ಅನೇಕ ಕಡೆ ಮೊದಲ ಕಳಶವು ಸವಾಲಿನಲ್ಲಿ ಹೆಚ್ಚು ಕೂಗಿದವರ ಪಾಲಾಗುತ್ತದೆ. ಆ ಹಣದಿಂದ ಬಸದಿಗಳ ಸೂರು ಉಳಿಯುತ್ತಿರುವುದು ನಿಜ; ದಾನಿಗಳ ಭಕ್ತಿಯನ್ನು ಶಂಕಿಸುವುದು ಸಲ್ಲದು. ಆದರೆ ಗುಂಪಿನ ಹಿಂದೆ ಕೈಮುಗಿದು ನಿಂತ ಬಡ ಶ್ರಾವಕನು, ಕಟ್ಟಳೆಯಿಲ್ಲದೆಯೇ ತನ್ನ ಅಂತಸ್ತನ್ನು ಅರಿತುಕೊಳ್ಳುತ್ತಾನೆ. ಪ್ರತಿ ಉತ್ಸವದಲ್ಲಿಯೂ ಒಂದು ಕಳಶವನ್ನಾದರೂ ಸವಾಲಿಗಿಡದೆ, ಊರಿನ ಮನೆಗಳಿಗೆ ಸರದಿಯಂತೆ ಕೊಡುವುದು ಧರ್ಮದರ್ಶಿಗಳಿಗೆ ಅಸಾಧ್ಯವಲ್ಲ. ಅರಸನಿಂದ ಎಲ್ಲರಿಗಾಗಿ ಪಡೆದ ಹಕ್ಕನ್ನು ನಮ್ಮೊಳಗೇ ಕೆಲವರಿಗೆ ಮೀಸಲಿಡುವುದು ಉಚಿತವೇ ಎಂಬುದನ್ನು ಪ್ರತಿಯೊಂದು ಮಂಡಳಿಯೂ ವಿಚಾರಿಸಬೇಕಾಗಿದೆ.