ಶನಿವಾರದ ಶಾಲೆ: ಪೋಲಿಷ್ ತಾಯಂದಿರು ಉಳಿಸಿಕೊಂಡ ಅಕ್ಷರ

ನಮ್ಮ ಮಹಿಳಾ ವೇದಿಕೆಯಲ್ಲಿ ಮಕ್ಕಳ ಕನ್ನಡ ತರಗತಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ವಾರಕ್ಕೆ ಒಂದು ದಿನ, ಎರಡು ಗಂಟೆ. ಇಷ್ಟರಲ್ಲಿ ಮಗು ಏನು ಕಲಿತೀತು?" ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕುವಾಗ ನನಗೆ ಸಿಕ್ಕಿದ್ದು ನಮಗೆ ಸಂಬಂಧವೇ ಇಲ್ಲವೆಂದು ತೋರುವ ಒಂದು ದೇಶದ ಕಥೆ, ಪೋಲೆಂಡ್.

ನನ್ನ ಆಫೀಸಿನ ತಂಡದಲ್ಲಿ ಪೋಲಿಷ್ ಮೂಲದ ಸಹೋದ್ಯೋಗಿಯೊಬ್ಬರಿದ್ದಾರೆ. ಹುಟ್ಟಿ ಬೆಳೆದದ್ದೆಲ್ಲ ಲಂಡನ್ನಿನಲ್ಲಿ. ಎಂಥ ತುರ್ತು ಕೆಲಸವಿದ್ದರೂ ಶನಿವಾರ ಬೆಳಿಗ್ಗೆ ಅವರು ಫೋನಿಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮಗಳನ್ನು ಪೋಲಿಷ್ ಶಾಲೆಗೆ ಬಿಟ್ಟು, ತಾವೂ ಅಲ್ಲೇ ಎರಡನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಾರೆ. "ನನ್ನಮ್ಮನೂ ಹೀಗೇ ಮಾಡುತ್ತಿದ್ದಳು" ಎಂದು ಒಮ್ಮೆ ಹೇಳಿದರು. ಆ ಒಂದು ಮಾತಿನ ಬೆನ್ನು ಹತ್ತಿ ನಾನು ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ದೇಶವೇ ಇಲ್ಲದಾಗ ಶಾಲೆ ಎಲ್ಲಿ?

1772, 1793 ಮತ್ತು 1795ರಲ್ಲಿ, ಮೂರು ಕಂತುಗಳಲ್ಲಿ, ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಪೋಲೆಂಡನ್ನು ಹಂಚಿಕೊಂಡವು. ಮುಂದೆ 1918ರವರೆಗೆ, 123 ವರ್ಷ, ಭೂಪಟದಲ್ಲಿ ಸ್ವತಂತ್ರ ಪೋಲೆಂಡ್ ಇರಲಿಲ್ಲ. ದೇಶ ಬಿಟ್ಟು ಪ್ಯಾರಿಸ್ ಸೇರಿದ ಪೋಲಿಷರು ತಮ್ಮ ಮಕ್ಕಳಿಗಾಗಿ 1842ರಲ್ಲೇ ಒಂದು ಶಾಲೆ ತೆರೆದರು. ಬಾತಿನ್ಯೋಲ್ ಶಾಲೆ ಎಂದೇ ಅದು ಹೆಸರಾಯಿತು. ಊರಿನಲ್ಲೇ ಉಳಿದವರ ಪಾಡು ಇನ್ನೂ ಕಷ್ಟದ್ದು. 1863ರ ದಂಗೆಯ ನಂತರ ರಷ್ಯಾದ ಪಾಲಿನ ಭಾಗದಲ್ಲಿ ಬೋಧನೆಯ ಭಾಷೆ ಹಂತಹಂತವಾಗಿ ರಷ್ಯನ್ ಆಯಿತು. ಪ್ರಷ್ಯಾದ ಭಾಗದಲ್ಲಿ ಜರ್ಮನ್ ಬಂತು. ಅಲ್ಲಿನ ವ್ಜೆಶ್ನ್ಯಾ ಎಂಬ ಊರಿನಲ್ಲಿ 1901ರಲ್ಲಿ, ಧರ್ಮದ ಪಾಠವನ್ನೂ ಜರ್ಮನ್ನಿನಲ್ಲೇ ಕಲಿಯಬೇಕೆಂದಾಗ ಮಕ್ಕಳು ಉತ್ತರ ಕೊಡಲು ಒಪ್ಪಲಿಲ್ಲ. ಅವರಿಗೆ ಏಟು ಬಿತ್ತು. ಪ್ರತಿಭಟಿಸಿದ ಹೆತ್ತವರಿಗೆ ಜೈಲಾಯಿತು. 1906–07ರ ಹೊತ್ತಿಗೆ ಇಂಥ ಶಾಲಾ ಮುಷ್ಕರಗಳಲ್ಲಿ ಹತ್ತಾರು ಸಾವಿರ ಮಕ್ಕಳು ಸೇರಿದ್ದರು.

ಈ ಕಾಲದಲ್ಲಿ ಅಕ್ಷರದ ಭಾರ ಹೊತ್ತವರಲ್ಲಿ ಹೆಂಗಸರು ಬಹಳ. 1880ರ ದಶಕದ ವಾರ್ಸಾದಲ್ಲಿ ಯಾದ್ವಿಗಾ ಶ್ಚವಿನ್‌ಸ್ಕಾ ಎಂಬಾಕೆ ಹೆಣ್ಣುಮಕ್ಕಳಿಗಾಗಿ ಗುಟ್ಟಾಗಿ ನಡೆಯುವ ತರಗತಿಗಳನ್ನು ಒಂದು ವ್ಯವಸ್ಥೆಗೆ ತಂದರು. ಪೊಲೀಸರ ಕಣ್ಣು ತಪ್ಪಿಸಲು ಒಮ್ಮೆ ಒಬ್ಬರ ಮನೆ, ಇನ್ನೊಮ್ಮೆ ಇನ್ನೊಬ್ಬರ ಮನೆ. ಅದಕ್ಕೇ 'ಹಾರುವ ವಿಶ್ವವಿದ್ಯಾಲಯ' ಎಂಬ ಹೆಸರು. ಅಲ್ಲಿ ಕಲಿತವರಲ್ಲಿ ಒಬ್ಬಳು ಮರಿಯಾ ಸ್ಕ್ಲೊಡೊವ್ಸ್ಕಾ. ನಾವೆಲ್ಲ ಶಾಲೆಯಲ್ಲಿ ಓದಿದ ಮೇರಿ ಕ್ಯೂರಿ ಈಕೆಯೇ! ಹಳ್ಳಿಯೊಂದರಲ್ಲಿ ಮನೆಪಾಠದ ಕೆಲಸಕ್ಕಿದ್ದಾಗ ಆಕೆ ಅಲ್ಲಿನ ರೈತರ ಮಕ್ಕಳಿಗೆ ಪೋಲಿಷ್ ಓದು ಬರಹ ಕಲಿಸಿದರು. ಸಿಕ್ಕಿಬಿದ್ದಿದ್ದರೆ ಅದು ಅಪರಾಧ. ಮುಂದೆ ಪ್ಯಾರಿಸ್ಸಿನಲ್ಲಿ ವಿಜ್ಞಾನಿಯಾಗಿ, ತಾವು ಕಂಡುಹಿಡಿದ ಮೂಲವಸ್ತುವಿಗೆ 1898ರಲ್ಲಿ ಪೊಲೋನಿಯಂ ಎಂದು ಹೆಸರಿಟ್ಟದ್ದು ನಮಗೆ ಗೊತ್ತು. ಇಬ್ಬರು ಹೆಣ್ಣುಮಕ್ಕಳಿಗೆ ಪೋಲಿಷ್ ಬರಲಿ ಎಂದು ಪೋಲಿಷ್ ಮಹಿಳೆಯರನ್ನೇ ಮನೆಗೆ ಕರೆಸಿಕೊಂಡದ್ದು ಅಷ್ಟಾಗಿ ಗೊತ್ತಿಲ್ಲ. ಎರಡು ನೊಬೆಲ್ ಪಡೆದ ತಾಯಿಗೂ ನಮ್ಮದೇ ಚಿಂತೆ ಇತ್ತು.

ಕೊಲ್ಹಾಪುರದ ಪಕ್ಕದಲ್ಲಿ

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೋಗುವ ನಾವೆಲ್ಲ ಕೊಲ್ಹಾಪುರವನ್ನು ಎಷ್ಟು ಸಲ ದಾಟಿಲ್ಲ! ಅದರ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷರು ವಾಸವಾಗಿದ್ದರು. ಎರಡನೇ ಮಹಾಯುದ್ಧದ ಆರಂಭದಲ್ಲಿ, 1940–41ರಲ್ಲಿ, ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯಾ, ಕಜಕಿಸ್ತಾನಗಳಿಗೆ ಸಾಗಿಸಿತ್ತು. ಬಿಡುಗಡೆಯಾದ ಮೇಲೆ ಅವರಲ್ಲಿ ಒಂದು ಪಾಲು ಇರಾನಿಗೆ ಬಂತು. ಗಂಡಸರು ಸೈನ್ಯ ಸೇರಿದರು. ಹೆಂಗಸರು, ಮಕ್ಕಳು ಪೂರ್ವ ಆಫ್ರಿಕಾ, ನ್ಯೂಜಿಲೆಂಡ್, ಮೆಕ್ಸಿಕೊ ಮತ್ತು ಭಾರತಕ್ಕೆ ಹೋದರು. 1942ರಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರು ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಸರೆ ಕೊಟ್ಟರು. ವಾರ್ಸಾದ ಒಂದು ಚೌಕಕ್ಕೆ ಇಂದು 'ಒಳ್ಳೆಯ ಮಹಾರಾಜ'ನ ಹೆಸರಿದೆ.

ವಳಿವಡೆಯಲ್ಲಿ ಉಳಿದವರು ಬಹುಪಾಲು ತಾಯಂದಿರು ಮತ್ತು ಮಕ್ಕಳು. ನಾಳೆ ಎಲ್ಲಿರುತ್ತೇವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೂ ಅಲ್ಲಿ ಪ್ರಾಥಮಿಕ ಶಾಲೆ, ಹೈಸ್ಕೂಲು, ಚರ್ಚು, ಸ್ಕೌಟ್ ದಳ ಎಲ್ಲ ನಡೆದವು. ಪಾಠ ಪೋಲಿಷ್‌ನಲ್ಲಿ, ಚರಿತ್ರೆ ಪೋಲೆಂಡಿನದು. ಹಸಿವೆಯನ್ನೂ ಸಾವನ್ನೂ ಕಂಡು ಬಂದ ಮಕ್ಕಳಿಗೆ ಗಂಟೆ ಬಾರಿಸಿದರೆ ತರಗತಿಗೆ ಹೋಗುವ ದಿನಚರಿಯೇ ಒಂದು ಔಷಧಿಯಾಗಿತ್ತು ಎಂದು ನನಗನ್ನಿಸುತ್ತದೆ. ಅವರು ಹೊರಟ ಮೇಲೆ ಅದೇ ಜಾಗಕ್ಕೆ ದೇಶವಿಭಜನೆಯಿಂದ ಮನೆ ಕಳೆದುಕೊಂಡ ಸಿಂಧಿಗಳು ಬಂದರು. ಅದೇ ಇಂದಿನ ಗಾಂಧಿನಗರ. ಅಲ್ಲಿ ಸೀರೆ ಬಟ್ಟೆ ಕೊಳ್ಳಲು ಹೋದವರು ನಮ್ಮಲ್ಲೂ ಇದ್ದೀರಿ!

ಲಂಡನ್ನಿನ ಶನಿವಾರಗಳು

ಯುದ್ಧ ಮುಗಿದಾಗ ಪೋಲೆಂಡ್ ಸೋವಿಯತ್ ಹಿಡಿತದಲ್ಲಿತ್ತು. ಹಿಂತಿರುಗಲು ಒಪ್ಪದ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಮತ್ತು ಕುಟುಂಬದವರು 1947ರ ಕಾನೂನಿನಡಿ ಬ್ರಿಟನ್ನಿನಲ್ಲಿ ನೆಲೆಸಿದರು. ವಳಿವಡೆಯ ಅನೇಕರೂ ಅಲ್ಲಿಗೇ ಹೋದರು. ಮಕ್ಕಳು ಸೋಮವಾರದಿಂದ ಶುಕ್ರವಾರ ಇಂಗ್ಲಿಷ್ ಶಾಲೆಗೆ ಹೋಗಲೇಬೇಕು. ಉಳಿದದ್ದು ಶನಿವಾರ. ಈ ಶಾಲೆಗಳನ್ನು ಒಂದೇ ಸೂರಿನಡಿ ತರಲು 1953ರಲ್ಲಿ ಲಂಡನ್ನಿನಲ್ಲಿ 'ಪೋಲ್ಸ್ಕಾ ಮಾಚೆಶ್ ಶ್ಕೋಲ್ನಾ' ಎಂಬ ಸಂಸ್ಥೆ ಹುಟ್ಟಿತು. 'ಮಾಚೆಶ್' ಎಂದರೆ ಹಳೆಯ ಪೋಲಿಷ್‌ನಲ್ಲಿ ತಾಯಿ, ಮೂಲ. ನನ್ನಂಥ ಎಂಟೆಕ್‌ನವರಿಗೆ ಇನ್ನೊಂದು ಮೋಜು: ಗಣಿತದ ಮ್ಯಾಟ್ರಿಕ್ಸ್‌ಗೂ ಪೋಲಿಷ್‌ನಲ್ಲಿ ಇದೇ ಪದ!

ಈ ಶಾಲೆಗೆ ಸ್ವಂತ ಕಟ್ಟಡವಿರುವುದು ಅಪರೂಪ. ಬಾಡಿಗೆಗೆ ಪಡೆದ ಶಾಲೆಯ ಕೋಣೆಗಳು ಅಥವಾ ಚರ್ಚಿನ ಸಭಾಂಗಣ. ಪೋಲಿಷ್ ಭಾಷೆ, ಚರಿತ್ರೆ, ಭೂಗೋಳ, ಅನೇಕ ಕಡೆ ಧರ್ಮದ ಪಾಠ. ಒಂದನೇ ತರಗತಿಗೆ ಸೇರಿದ ಮಗುವನ್ನು ಶಾಲೆಯ ಮುಖ್ಯಸ್ಥರು ಒಂದು ದೊಡ್ಡ ಪೆನ್ಸಿಲಿನಿಂದ ಭುಜ ಮುಟ್ಟಿ 'ವಿದ್ಯಾರ್ಥಿ' ಎಂದು ಸ್ವೀಕರಿಸುವ ಸಮಾರಂಭವಿದೆ. ನಮ್ಮ ಅಕ್ಷರಾಭ್ಯಾಸದ ಹಾಗೆ! ಡಿಸೆಂಬರಿನಲ್ಲಿ ಯೇಸು ಜನನದ ನಾಟಕ, ನವೆಂಬರ್ 11ರಂದು ಸ್ವಾತಂತ್ರ್ಯ ದಿನ.

ಅಕ್ಷರ ಕಲಿಸುವುದೇನೂ ಸುಲಭವಲ್ಲ. ಪೋಲಿಷ್‌ನಲ್ಲಿ 32 ಅಕ್ಷರಗಳು. ಅವುಗಳಲ್ಲಿ ಒಂಬತ್ತಕ್ಕೆ ಬಾಲ, ಗೆರೆ ಅಥವಾ ಚುಕ್ಕೆ. ಇಂಗ್ಲಿಷ್ ಓದಿದ ಮಗು 'ಲಾಡ್ಜ್' ಎಂದು ಓದುವ ಊರಿನ ಹೆಸರು ನಿಜಕ್ಕೂ 'ವುಚ್'. ವಿಭಕ್ತಿಗಳು ಏಳು. ಅನ್ನಾ ಎಂಬ ಹುಡುಗಿಯನ್ನು ಕೂಗುವಾಗ 'ಅನ್ನೊ', ಅವಳದ್ದು ಎನ್ನುವಾಗ 'ಅನ್ನಿ'. ಮನೆಮಾತನ್ನು ಕಿವಿಯಿಂದಷ್ಟೇ ಕಲಿತ ಮಗು ಮೊದಲು ಕಳೆದುಕೊಳ್ಳುವುದು ಈ ಬಾಲಗಳನ್ನೇ, ನಮ್ಮ ಮಕ್ಕಳು "ಅಮ್ಮನಿಗೆ", "ಅಮ್ಮನನ್ನು" ಎಂಬಲ್ಲಿ ತಡವರಿಸುವ ಹಾಗೆ. "ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತೆ, ಅಜ್ಜಿಗೆ ಕಾಗದ ಬರೆಯೋಕೆ ಬರಲ್ಲ ಅನ್ನೋ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚು" ಎಂದರು ನನ್ನ ಸಹೋದ್ಯೋಗಿ. ಅದಕ್ಕೇ ಅಲ್ಲಿ ಮಾತಿನಷ್ಟೇ ಒತ್ತು ಬರವಣಿಗೆಗೆ.

2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಕೆಲಸ ಹುಡುಕಿ ಬಂದವರು ಈ ಶಾಲೆಗಳನ್ನು ಮತ್ತೆ ತುಂಬಿಸಿದರು. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 5,46,000 ಜನ ಪೋಲಿಷ್ ತಮ್ಮ ಮುಖ್ಯ ಭಾಷೆ ಎಂದರು. ಹಾಗಿದ್ದೂ 2015ರಲ್ಲಿ ಪೋಲಿಷ್‌ನ ಎ-ಲೆವೆಲ್ ಪರೀಕ್ಷೆಯನ್ನು, ಅಂದರೆ ನಮ್ಮ ಪಿಯುಸಿ ಮಟ್ಟದ ಪರೀಕ್ಷೆಯನ್ನು, ಕೈಬಿಡುವ ತೀರ್ಮಾನ ಹೊರಬಿತ್ತು. ಬಂಗಾಳಿ, ಪಂಜಾಬಿಗಳಿಗೂ ಅದೇ ಗತಿ. ದೊಡ್ಡ ಒತ್ತಾಯದ ನಂತರ 2016ರಲ್ಲಿ ಪರೀಕ್ಷೆ ಉಳಿಯಿತು. ಅಂಕಪಟ್ಟಿಯಲ್ಲಿ ಜಾಗವಿದ್ದರೆ ಹದಿಹರೆಯದ ಮಗುವೂ ಶನಿವಾರ ಬಿಟ್ಟುಕೊಡುತ್ತದೆ ಎಂಬುದು ಆ ಪೋಷಕರಿಗೆ ಗೊತ್ತಿತ್ತು.

ನಮಗೇನು?

ನಮ್ಮ ಮೇಲೆ ಯಾರೂ ಭಾಷೆಯನ್ನು ನಿಷೇಧಿಸಿಲ್ಲ. ಊರು ಒಂದು ರಾತ್ರಿಯ ಬಸ್ಸಿನ ದೂರ. ಬಹುಶಃ ಅದಕ್ಕೇ "ರಜೆಗೆ ಹೋದಾಗ ಕಲಿತೀತು" ಎಂದು ಮುಂದೂಡುತ್ತೇವೆ. ಮಗು ಅಪಾರ್ಟ್‌ಮೆಂಟಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಕಲಿಯುತ್ತದೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತದೆ.

ಪೋಲಿಷ್ ತಾಯಂದಿರಿಂದ ನಾನು ಕಲಿತದ್ದು ಮೂರು. ಒಂದು, ದಿನ ಮತ್ತು ಹೊತ್ತು ಬದಲಾಗಬಾರದು. ಹುಟ್ಟುಹಬ್ಬದ ಪಾರ್ಟಿ ಬಂತೆಂದು ತರಗತಿ ನಿಂತರೆ ಮಗು ಅದರ ಬೆಲೆ ಅಷ್ಟೇ ಎಂದುಕೊಳ್ಳುತ್ತದೆ. ಎರಡು, ಮುಂದೊಂದು ಪರೀಕ್ಷೆ ಇರಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು ನಮಗಿವೆ. ದೊಡ್ಡ ಮಕ್ಕಳಿಗೆ ಆ ಗುರಿ ಇಡಬಹುದು. ಮೂರು, ಕಲಿಸುವವರ ಸರದಿ. ಇಬ್ಬರು ಮೂವರು ಅಕ್ಕಂದಿರ ಹೆಗಲ ಮೇಲೆ ಎಲ್ಲ ಹೊರಿಸಿದರೆ ಅವರು ದಣಿದ ದಿನವೇ ಶಾಲೆ ಮುಚ್ಚುತ್ತದೆ. ಇದರಲ್ಲಿ ಅಪ್ಪಂದಿರ ಸರದಿಯೂ ಸೇರಿದೆ ಎಂಬುದನ್ನು ಪ್ರೀತಿಯಿಂದ ನೆನಪಿಸುತ್ತೇನೆ.

ವಾರಕ್ಕೆ ಎರಡು ಗಂಟೆಯಲ್ಲಿ ಮಗು ಪಂಡಿತನಾಗುವುದಿಲ್ಲ, ನಿಜ. ಅಜ್ಜಿಗೆ ನಾಲ್ಕು ಸಾಲು ಬರೆಯಲು, ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲು, ಮುಂದೆ ತನ್ನ ಮಗುವಿಗೆ 'ಅ ಆ' ತಿದ್ದಿಸಲು ಅಷ್ಟು ಸಾಕಾಗುತ್ತದೆ. ನನ್ನ ಸಹೋದ್ಯೋಗಿಯ ಮನೆಯಲ್ಲಿ ಈಗ ಮಗಳ ಸರದಿ ನಡೆಯುತ್ತಿದೆ. ಮುಂದಿನ ಭಾನುವಾರದ ತರಗತಿಗೆ ನಿಮ್ಮ ಮನೆಯ ಮಗುವನ್ನೂ ಕರೆತನ್ನಿ. ಸಾಧ್ಯವಾದರೆ ನೀವೂ ಒಂದು ಗಂಟೆ ಕೂತು ಕಲಿಸಿ.