ಕೊರತೆಯ ನಕಲು: ಆಟದ ಕೋವಿಗೆ ಯುದ್ಧಕಾಲದ ರೂಪ

ಆರು ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡನ್ನು ಗಾಳಿ ಅಥವಾ ಅನಿಲದ ಒತ್ತಡದಿಂದ ಚಿಮ್ಮಿಸುವ ಆಟದ ಬಂದೂಕಿಗೆ ಏರ್‌ಸಾಫ್ಟ್ ಎಂದು ಹೆಸರು. ಇದರ ಬೇರು ಇರುವುದು ಜಪಾನಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೋತು ನಿಶ್ಶಸ್ತ್ರಗೊಂಡ ಆ ದೇಶದಲ್ಲಿ 1958ರ ಶಸ್ತ್ರ ನಿಯಂತ್ರಣ ಕಾನೂನು ಬೇಟೆ, ಕ್ರೀಡೆಗಳಂತಹ ಕೆಲವು ಉದ್ದೇಶಗಳನ್ನು ಬಿಟ್ಟರೆ ನಾಗರಿಕರ ಕೈಗೆ ಕೋವಿ ಎಟುಕದಂತೆ ಮಾಡಿತು. ಪಿಸ್ತೂಲುಗಳ ಮೋಹವಂತೂ ಪಾಶ್ಚಾತ್ಯ ಚಲನಚಿತ್ರ ಮತ್ತು ದೂರದರ್ಶನದ ಮೂಲಕ ಹರಡುತ್ತಲೇ ಇದ್ದುದರಿಂದ, ನೋಟಕ್ಕೆ ನಿಜವಾಗಿದ್ದು ಗುಂಡು ಹಾರಿಸದ ‘ಮಾಡೆಲ್ ಗನ್’ ಎಂಬ ಸತುವಿನ ಮಿಶ್ರಲೋಹದ ಪ್ರತಿಕೃತಿಗಳಿಗೆ 1960ರ ದಶಕದಲ್ಲಿ ಅಲ್ಲಿ ಒಂದು ಮಾರುಕಟ್ಟೆಯೇ ಬೆಳೆಯಿತು.

ಈ ಪ್ರತಿಕೃತಿಗಳು ನಿಜದ ಆಯುಧಗಳಿಗೆ ತೀರ ಹತ್ತಿರವಾದುವೆಂದು ಕಂಡ ಸರ್ಕಾರ, ಲೋಹದ ಪಿಸ್ತೂಲು ಮಾದರಿಗಳ ನಳಿಗೆಯನ್ನು ಮುಚ್ಚಿ ಅವಕ್ಕೆ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕೆಂದು 1971ರಲ್ಲಿ ವಿಧಿಸಿತು. 1977ರಲ್ಲಿ ಲೋಹದ ಮಾದರಿಗಳ ರಚನೆಯ ಮೇಲೂ ಕಟ್ಟುನಿಟ್ಟು ಹೆಚ್ಚಿತು. ಬಣ್ಣದ ಈ ನಿಯಮ ಲೋಹಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ ತಯಾರಕರು ಗಟ್ಟಿ ಪ್ಲಾಸ್ಟಿಕ್ಕಿನತ್ತ ಹೊರಳಿದರು, ಕಪ್ಪು ಬಣ್ಣ ಪ್ಲಾಸ್ಟಿಕ್ಕಿನ ಮೇಲೆ ಉಳಿದುಕೊಂಡಿತು. ಹೋಲಿಕೆಯನ್ನು ತಡೆಯಲು ಬಂದ ನಿಯಮವೇ ಹೋಲಿಕೆಗೆ ಹೊಸ ವಸ್ತುವನ್ನು ಒದಗಿಸಿಕೊಟ್ಟಿತೆನ್ನಬೇಕು. ಮುಂದೆ ಅದೇ ಪ್ಲಾಸ್ಟಿಕ್ ದೇಹದೊಳಗೆ ಸ್ಪ್ರಿಂಗು, ಅನಿಲ, ಕೊನೆಗೆ ವಿದ್ಯುತ್ತು ಬಂದು ಸೇರಿದವು. ಟೋಕಿಯೋ ಮರುಯಿ ಸಂಸ್ಥೆ 1991ರಲ್ಲಿ ಫ್ರೆಂಚ್ ಫಾಮಾಸ್ ರೈಫಲಿನ ರೂಪದಲ್ಲಿ ಹೊರತಂದ ವಿದ್ಯುತ್ ಬಂದೂಕು, ಬ್ಯಾಟರಿಯಿಂದ ಓಡುವ ಮೋಟಾರು ಹಲ್ಲುಚಕ್ರಗಳ ಮೂಲಕ ಪಿಸ್ಟನ್ನನ್ನು ಹಿಂದಕ್ಕೆಳೆದು ಬಿಡುವ ವ್ಯವಸ್ಥೆಯನ್ನು ಬಳಕೆಗೆ ತಂದಿತು.

ಯುದ್ಧಕಾಲದ ಕೋವಿಗಳನ್ನು ನಕಲಿಸುವವರಿಗೆ ಈ ಯಂತ್ರವೇ ಮೊದಲ ತೊಡಕಾಯಿತು. ಆಧುನಿಕ ರೈಫಲುಗಳಲ್ಲಿ ಮೋಟಾರು ಕೂರುವುದು ಕೈಹಿಡಿಯೊಳಗೆ. ಜರ್ಮನಿಯ ಕಾರ್ 98ಕೆ, ಬ್ರಿಟನ್ನಿನ ಲೀ-ಎನ್‌ಫೀಲ್ಡ್‌ಗಳಂತೆ ಮರದ ದಿಂಡಿನಲ್ಲಿ ಕೂರಿಸಿದ ಕೋವಿಗಳಿಗೆ ಅಂತಹ ಪ್ರತ್ಯೇಕ ಹಿಡಿಯೇ ಇಲ್ಲ. ಆದ್ದರಿಂದ ಇವು ಬಹುಮಟ್ಟಿಗೆ ಪ್ರತಿ ಗುಂಡಿಗೂ ಬೋಲ್ಟನ್ನು, ಎಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯನ್ನು, ಕೈಯಿಂದ ಎಳೆದು ತಳ್ಳಬೇಕಾದ ಮಾದರಿಗಳಾಗಿಯೇ ಉಳಿದವು. ಆಟದಲ್ಲಿ ಇದು ಹಿನ್ನಡೆಯಾದರೂ, 1940ರ ಸೈನಿಕನ ಕೈ ಮಾಡುತ್ತಿದ್ದ ಚಲನೆಯನ್ನೇ ಆಟಗಾರನ ಕೈಯೂ ಮಾಡುವಂತಾದುದು ಇತಿಹಾಸಪ್ರಿಯರಿಗೆ ಲಾಭವೇ ಆಯಿತು.

ಕಸುಬಿನ ನಿಜವಾದ ಸೂಕ್ಷ್ಮತೆ ಹೊರಮೈಯಲ್ಲಿದೆ. ಅಮೆರಿಕದ ಎಂ1 ಕಾರ್ಬೈನ್ ಎಂಬ ಹಗುರ ಕೋವಿಯನ್ನು ತೆಗೆದುಕೊಳ್ಳಬಹುದು. ಯುದ್ಧ ಮುಗಿಯುವುದರೊಳಗೆ ಇದು 60 ಲಕ್ಷಕ್ಕೂ ಹೆಚ್ಚು ತಯಾರಾಯಿತು. ತಯಾರಿಸಿದವರಲ್ಲಿ ಜನರಲ್ ಮೋಟರ್ಸಿನ ಇನ್‌ಲ್ಯಾಂಡ್ ವಿಭಾಗ, ಐಬಿಎಂ, ಬೆರಳಚ್ಚು ಯಂತ್ರದ ಅಂಡರ್‌ವುಡ್, ನಾಣ್ಯ ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಮಾಡುತ್ತಿದ್ದ ರಾಕ್-ಓಲಾ ಸಹ ಇದ್ದವು. ಆರಂಭದ ಕಾರ್ಬೈನುಗಳಲ್ಲಿ ಹಿಂಬದಿಯ ಗುರಿಗಿಂಡಿ ಎರಡು ದೂರಗಳಿಗಷ್ಟೇ ಮಗುಚುವ ‘ಎಲ್’ ಆಕಾರದ ತಗಡಾಗಿತ್ತು, ಸುರಕ್ಷಾ ಕೀಲಿ ಒತ್ತುವ ಗುಂಡಿಯಾಗಿತ್ತು, ಬಯೊನೆಟ್ ಸಿಕ್ಕಿಸುವ ಗೂಟವಂತೂ ಇರಲೇ ಇಲ್ಲ. ಹೊಂದಿಸಬಲ್ಲ ಗುರಿಗಿಂಡಿ, ತಿರುಗಿಸುವ ಕೀಲಿ, ಬಯೊನೆಟ್ ಗೂಟ ಇವೆಲ್ಲ ಹಂತಹಂತವಾಗಿ ಬಂದವು. ಗೂಟವಿರುವ ಕೋವಿಗಳು ಸೈನಿಕರ ಕೈಗೆ ದೊಡ್ಡ ಸಂಖ್ಯೆಯಲ್ಲಿ ತಲುಪಿದ್ದು ಯುದ್ಧದ ಕೊನೆಯ ಹಂತದಲ್ಲಿ. ಹೀಗಾಗಿ 1944ರ ಜೂನ್ 6ರಂದು ನಾರ್ಮಂಡಿಯ ದಡದಲ್ಲಿ ಇಳಿದ ಸೈನಿಕನ ಕಾರ್ಬೈನನ್ನು ರೂಪಿಸಬಯಸುವವನು, ತನ್ನ ಪ್ರತಿಕೃತಿಯಲ್ಲಿ ಆ ಗೂಟವಿದ್ದರೆ ಮೊದಲು ಅದನ್ನು ತೆಗೆಯಬೇಕಾಗುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಬಿಡಿಭಾಗಗಳನ್ನು ಸೇರಿಸುತ್ತ ಹೋಗುವ ಹವ್ಯಾಸದಲ್ಲಿ, ತೆಗೆಯುವುದೇ ಪಾಂಡಿತ್ಯವಾಗುವ ಅಪರೂಪದ ಶಾಖೆಯಿದು.

ಬಣ್ಣದ ವಿಷಯವೂ ಇಂಥದೇ. ಹಳೆಯ ಸೈನಿಕ ಕೋವಿಗಳ ಉಕ್ಕಿಗೆ ನೀಲಿಗಪ್ಪು ಹೊಳಪನ್ನು ಕೊಡುವ ಬ್ಲೂಯಿಂಗ್ ಎಂಬ ಸಂಸ್ಕಾರವಿರುತ್ತಿತ್ತು. ಅಮೆರಿಕದ ಯುದ್ಧಕಾಲದ ಕೋವಿಗಳಿಗೆ ಫಾಸ್ಫೇಟ್ ದ್ರಾವಣದಲ್ಲಿ ಕುದಿಸಿ ಪಡೆಯುವ ಮಬ್ಬು ಬೂದು ಬಣ್ಣವಿತ್ತು. ಪ್ರತಿಕೃತಿಗಳಲ್ಲಿ ಬಳಸುವ ಸತುವಿನ ಮಿಶ್ರಲೋಹ ಈ ಎರಡನ್ನೂ ಉಕ್ಕಿನಂತೆ ಸ್ವೀಕರಿಸದು. ಆದ್ದರಿಂದ ಕುಶಲಿಗಳು ಅಚ್ಚಿನ ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಮಬ್ಬು ಬಣ್ಣದ ಮೇಲೆ ಗ್ರಾಫೈಟ್ ಪುಡಿಯನ್ನು ತಿಕ್ಕಿ, ಅಂಗೈ ಸವರುವ ಕಡೆ, ಬೋಲ್ಟು ಉಜ್ಜುವ ಕಡೆ ಮಾತ್ರ ಉಕ್ಕಿನ ಬೆಳಕು ಇಣುಕುವಂತೆ ಮಾಡುತ್ತಾರೆ. ಎಲ್ಲ ಅಂಚುಗಳನ್ನೂ ಸಮನಾಗಿ ಸವೆಸಿದ ಕೋವಿ ನಾಟಕದ ಸಾಮಗ್ರಿಯಂತೆ ಕಾಣುತ್ತದೆ. ಪ್ಲಾಸ್ಟಿಕ್ ದಿಂಡಿನ ಬದಲು ಅಕ್ರೋಟು ಮರದ್ದನ್ನು ಕೂರಿಸಿ ಅಗಸೆ ಎಣ್ಣೆಯನ್ನು ಹಲವು ಸಲ ಉಣಿಸುವುದುಂಟು. ಕಾರ್ 98ಕೆಗೆ, ಯುದ್ಧಕಾಲದಲ್ಲಿ ಹೆಚ್ಚಾಗಿ ಬಳಕೆಯಾದ, ತೆಳು ಪದರಗಳನ್ನು ಅಂಟಿಸಿದ ಮರವೇ ಸರಿಯಾದುದು.

ಹೋಲಿಕೆ ಹೆಚ್ಚಿದಂತೆ ಕಾನೂನೂ ಮತ್ತೆ ಮತ್ತೆ ಎದುರಾಗಿದೆ. ಅಮೆರಿಕದಲ್ಲಿ ನಳಿಗೆಯ ತುದಿಯ ಕಿತ್ತಳೆ ಗುರುತಿಗೆ 1988ರ ಕಾನೂನು ಆಧಾರ. ಜಪಾನು 2006ರಲ್ಲಿ ಇಂತಹ ಗುಂಡಿನ ಶಕ್ತಿಯನ್ನು 0.989 ಜೂಲಿಗೆ ಮಿತಿಗೊಳಿಸಿತು. ಬ್ರಿಟನ್ನು 2007ರ ಅಕ್ಟೋಬರಿನಿಂದ ನೈಜ ರೂಪದ ನಕಲಿಗಳ ಮಾರಾಟವನ್ನು ನಿಷೇಧಿಸಿತಾದರೂ ವಸ್ತುಸಂಗ್ರಹಾಲಯ, ಚಲನಚಿತ್ರ, ಐತಿಹಾಸಿಕ ಕದನಗಳ ಪುನರಭಿನಯ ಮುಂತಾದವಕ್ಕೆ ವಿನಾಯಿತಿ ನೀಡಿತು.

ಕೊರತೆಯ ನಕಲು ಅತ್ಯಂತ ಸ್ಪಷ್ಟವಾಗಿ ಕಾಣುವುದು ಜಪಾನಿನದೇ ಆದ ಟೈಪ್ 99 ರೈಫಲಿನಲ್ಲಿ. 1939ರಲ್ಲಿ ಸ್ವೀಕೃತವಾದ ಈ 7.7 ಮಿಲಿಮೀಟರ್ ಕೋವಿಯ ಮೊದಲ ತಂಡಗಳಿಗೆ ತಂತಿಯ ಒಂಟಿಗಾಲು, ವಿಮಾನಕ್ಕೆ ಗುರಿಯಿಡಲು ಮಡಿಸುವ ರೆಕ್ಕೆಗಳು, ದೂಳು ತಡೆಯುವ ತಗಡು ಎಲ್ಲವೂ ಇದ್ದವು. ಯುದ್ಧದ ಕೊನೆಗೆ ಇವೆಲ್ಲ ಮಾಯವಾಗಿ, ಗುರಿಗಿಂಡಿ ಅಲುಗದ ತೂತಾಗಿ, ಹಿಮ್ಮಡಿಯ ಲೋಹದ ತಟ್ಟೆಯ ಜಾಗದಲ್ಲಿ ಮರದ ಚೂರು ಬಂದಿತ್ತು. ಯಂತ್ರದ ಗೀರುಗಳನ್ನು ಒರಟಾಗಿಯೇ ಬಿಡಬೇಕಾದ ಈ ಮಾದರಿ, ನಯಗೊಳಿಸುವುದನ್ನೇ ಕಲಿತ ಕೈಗೆ ಸುಲಭವಲ್ಲ. ಇನ್ನು ನಳಿಗೆಯ ಬುಡದ ಮೇಲೆ ಕೆತ್ತಿದ್ದ ಹದಿನಾರು ದಳದ ಸೇವಂತಿಗೆ ಚಕ್ರವರ್ತಿಯ ಮುದ್ರೆಯಾದುದರಿಂದ, ಶರಣಾಗತಿಯ ಹೊತ್ತಿಗೆ ಒಪ್ಪಿಸಿದ ಅಸಂಖ್ಯ ಕೋವಿಗಳಲ್ಲಿ ಅದನ್ನು ಉಜ್ಜಿ ಅಳಿಸಲಾಯಿತು. ಅಮೆರಿಕದ ಸೈನಿಕರು ನೆನಪಿಗೆಂದು ಒಯ್ದವುಗಳಲ್ಲಿ ಈ ಅಳಿಸಿದ ಗುರುತೇ ಹೆಚ್ಚಾಗಿ ಕಾಣುತ್ತದೆ. ಅಂತಹ ಕೋವಿಯ ಛಾಯಾಚಿತ್ರವನ್ನು ನಂಬಿ ಸೇವಂತಿಗೆಯನ್ನು ಉಜ್ಜಿದರೆ ಸಿದ್ಧವಾಗುವುದು 1945ರ ಆಗಸ್ಟಿನ ನಂತರದ ಕೋವಿ; ಬರ್ಮಾದಲ್ಲೋ ಓಕಿನಾವಾದಲ್ಲೋ ಕಾದಾಡಿದ ಸೈನಿಕನದನ್ನು ರೂಪಿಸಬೇಕಾದರೆ ಹೂವನ್ನು ಇಡಿಯಾಗಿ ಕೆತ್ತಬೇಕು.